ಒಂದೇ ಮಧ್ಯಾಹ್ನ ಹರಿದ ನಳ್ಳಿ

"ಹಲೋ... ಹಲೋ, ಯಾರು ಮಾತಾಡುವುದು? ಪ್ರೆಸಿಲ್ಲಾ ಬಾಯಿಯಾ?... ನಾನು ಕರುಣಾಕರ, ಮೈಕಿನ ಕರುಣಾಕರ. ಹಾಂ, ಫೋನು ಕಿವಿಯಿಂದ ಸ್ವಲ್ಪ ದೂರ ಹಿಡಿಯಿರಿ, ನನ್ನ ಸ್ವರವೇ ಹಾಗೆ. ರೊಸಾರಿಯೊ ಇದ್ದಾನಾ?... ಸ್ನಾನಕ್ಕಾ? ಅವನಿಗಾದರೂ ನೀರುಂಟಲ್ಲ. ಕಾಯ್ತೇನೆ."

ಜೀಪಿಗೆ ಮೈಕು ಕಟ್ಟಿ ಊರೂರಿಗೆ ಸುದ್ದಿ ಸಾರುವ ಕರುಣಾಕರ ಕಾಪುವಿನ ದೀಪಸ್ತಂಭದ ಬುಡದಲ್ಲಿ ಕೆಮ್ಮಿದರೆ ಕಾರ್ಕಳದ ಗೊಮ್ಮಟ ತಿರುಗಿ ನೋಡುತ್ತಾನಂತೆ. ಹೇಳಿದವನು ಕರುಣಾಕರನೇ. ಅಂಥ ಸ್ವರದವನು ಇವತ್ತು ಶಿರ್ವದ ಅಂಗಡಿಯ ಕಾಯಿನ್ ಫೋನಿನೆದುರು ನಾಣ್ಯ ಹಿಡಿದು ನಿಂತಿದ್ದ. ಗದಗದ ಕಡೆಯಿಂದ ಬಂದು ಕೆಂಪುಕಲ್ಲಿನ ಕೋರೆಯಲ್ಲಿ ದುಡಿಯುವ ಲಕ್ಕವ್ವ, ಖಾಲಿ ಕೊಡ ಕಾಲ ಬಳಿ ಇಟ್ಟು ಹೊರಗೆ ನಿಂತಿದ್ದಳು.

"...ಹಾಂ, ಶುದ್ಧ ನೀರಿನ ಸಮಿತಿಯ ಅಧ್ಯಕ್ಷರಿಗೆ ನಮಸ್ಕಾರ! ತಮಾಷೆಯಲ್ಲ ಮಾರಾಯ. ಕೋರೆಯವರ ಬಿಡಾರದ ಹತ್ತಿರ ನಳ್ಳಿ ಹಾಕಿಸಿದೆಯಲ್ಲ, ಉದ್ಘಾಟನೆಯ ಮರುದಿನದಿಂದ ಅದರಲ್ಲಿ ನೀರಿಲ್ಲ."

"...ಕಸ ಸಿಕ್ಕಿದ್ದಲ್ಲ. ನಾನೂ ಹಾಗೇ ಎಣಿಸಿ ಪೈಪಿನ ಜಾಡು ಹಿಡಿದು ಅಗೆದೆ. ಪಾತಾಳದವರೆಗೆ ಅಗೆದೆ!... ಆಯ್ತು, ಮೊಣಕಾಲಿನವರೆಗೆ. ಪೈಪು ಎಲ್ಲಿಗೆ ಹೋಗಿದೆ ಹೇಳು? ಬಾವಿಗಲ್ಲ, ಟ್ಯಾಂಕಿಗಲ್ಲ. ಗೋಡೆಯ ಹಿಂದೆ, ತೆಂಗಿನ ಮಡಲು ಮುಚ್ಚಿಟ್ಟ ಒಂದು ನೀಲಿ ಡ್ರಮ್ಮಿಗೆ! ಉದ್ಘಾಟನೆಯ ದಿನ ಹರಿದದ್ದು ಆ ಡ್ರಮ್ಮಿನ ನೀರು ಮಾತ್ರ."

"...ಉದ್ಘಾಟನೆಗೆ ಮಣಿಪಾಲದಿಂದ ಬಂದವರಿಗೆ ಫೋಟೋ ಬೇಕಿತ್ತಾ? ಜಾಗೃತಿಗೆ?... 'ಕುದಿಸಿ ಕುಡಿಯಿರಿ' ಅಂತ ಮೈಕಿನಲ್ಲಿ ನನ್ನ ಬಾಯಿಂದ ಹೇಳಿಸಿದೆಯಲ್ಲ, ಎಂತದನ್ನು ಕುದಿಸುವುದು? ಬರೀ ಪಾತ್ರೆಯನ್ನಾ?"

"...ಮೊದಲಿನ ಹಾಗೆ ಚಂಪಕ್ಕನ ಬಾವಿಗೆ ಹೋಗಬೇಕಾ? ಅವರು ರಾಟೆಯಿಂದ ಹಗ್ಗ ಬಿಚ್ಚಿ ಒಳಗಿಟ್ಟಿದ್ದಾರೆ... ಯಾಕೆಂದರೆ? ಅವರ ಗೇಟಿನೆದುರೇ ಜೀಪು ನಿಲ್ಲಿಸಿ ಕೋರೆಯವರಿಗೆ ಹೇಳಿದ್ದೆ, 'ಇನ್ನು ಯಾರ ಬಾವಿಕಟ್ಟೆಯಲ್ಲೂ ನಿಂತು ಬೇಡುವ ಕರ್ಮ ನಿಮಗಿಲ್ಲ' ಅಂತ. ಇಷ್ಟು ವರ್ಷ ಸುಮ್ಮನೆ ನೀರು ಕೊಟ್ಟವರಿಗೆ ಬೇಜಾರಾಗದಾ?"

"...ಈಗ ಕೋರೆಯ ಹೊಂಡದ ನೀರು ಕುಡಿಯುತ್ತಿದ್ದಾರೆ. ಎಮ್ಮೆ ಮೀಯುವ ಹೊಂಡ. ಲಕ್ಕವ್ವನ ಮಗಳು ದ್ರಾಕ್ಷಾಯಿಣಿಗೆ ನಿನ್ನೆಯಿಂದ ವಾಂತಿಭೇದಿ, ಗ್ಲುಕೋಸ್ ಏರಿಸಿದ್ದಾರೆ. ಇದನ್ನು ನಾನು ದೊಡ್ಡದು ಮಾಡಿ ಹೇಳುತ್ತಿಲ್ಲ ರೊಸಾರಿಯೊ. ಇವತ್ತು ಒಂದು ಟ್ಯಾಂಕರ್ ಕಳಿಸು, ಆಮೇಲೆ ಸರಿಯಾದ ಪೈಪು... ಆಗುವುದಿಲ್ಲವಾ?"

"ಏನಂತಾರ್ರೀ ಅಣ್ಣಾರ? ನೀರು ಯಾವಾಗ ಬಿಡ್ತಾರಂತ?" ಲಕ್ಕವ್ವ ಹೊರಗಿನಿಂದ ಕೇಳಿದಳು.

ಕರುಣಾಕರ ರಿಸೀವರನ್ನು ಅಂಗೈಯಲ್ಲಿ ಮುಚ್ಚಿದ. "ಮಾತಾಡ್ತಾ ಇದ್ದೇನೆ ಲಕ್ಕವ್ವ, ಒಂದು ನಿಮಿಷ."

"...ಹಾಗಾದರೆ ನಾಳೆ ಬೆಳಿಗ್ಗೆ ಅಂಬಲಪಾಡಿಗೆ ಬಂದು ನಿನ್ನ ಗೇಟಿನೆದುರೇ ಜೀಪು ನಿಲ್ಲಿಸ್ತೇನೆ. ಡ್ರಮ್ಮಿನ ಕಥೆ ಇಡೀ ಉಡುಪಿಗೆ ಕೇಳಬೇಕು, ಸಮುದ್ರ ದಾಟಿ ಮಸ್ಕತ್ತಿಗೂ ಕೇಳಬೇಕು!... ಎಂತಕ್ಕೆ ನಗುವುದು?"

"...ನಾನು ಹೇಳಿದರೆ ಯಾರೂ ನಂಬುವುದಿಲ್ಲವಾ?... ಹಾಂ, ಉಚ್ಚಿಲದಲ್ಲಿ ಕೈಬಲೆಗೆ ತಿಮಿಂಗಿಲ ಬಿತ್ತು ಅಂತ ಹೇಳಿದ್ದೆ. ಅದು ಬೇರೆ, ಇದು ಬೇರೆ, ಅಲ್ವಾ?... ಅಲ್ವಾ?"

"...ನಿಲ್ಲು. ಅದಕ್ಕೇ ನನ್ನನ್ನು ಕರೆದದ್ದಾ? ಮೈಕಿನವರು ಬೇಕಾದಷ್ಟು ಇರುವಾಗ, ನಾಳೆ ಬಾಯಿ ಬಿಟ್ಟರೂ ಯಾರೂ ನಂಬದ ಒಬ್ಬನನ್ನೇ ಹುಡುಕಿದ್ದಾ?... ನಾನು ದೋಸ್ತಿ ಅಂತ ತಿಳಿದೆ ಮಾರಾಯ. ಸ್ವರ ಮೆಚ್ಚಿ ಕರೆದದ್ದು ಅಂತ ಊರಿಡೀ ಹೇಳಿಕೊಂಡು ತಿರುಗಿದೆ."

ಫೋನು ಕುಂಯ್ ಎಂದು ಇನ್ನೊಂದು ನಾಣ್ಯ ಕೇಳಿತು. ಕಿಸೆ ತಡಕಿದ, ಇರಲಿಲ್ಲ.

"ಒಬ್ಬಳು ನಂಬಿದ್ದಾಳೆ ರೊಸಾರಿಯೊ. ನಿನ್ನ ನಳ್ಳಿಗೆ ಅರಸಿನ ಕುಂಕುಮ ಹಚ್ಚಿ, ಗಂಗವ್ವ ಬಂದಳು ಅಂತ ಅಡ್ಡಬಿದ್ದವಳು. ಇಲ್ಲೇ ಹೊರಗೆ ನಿಂತಿದ್ದಾಳೆ. ಅವಳಿಗೆ ನಾನು ಎಂತ ಹೇಳ..."

ಲೈನು ಕಟ್ಟಾಯಿತು. ಅವನು ರಿಸೀವರು ಇಟ್ಟದ್ದು ಕಂಡು, ನೀರು ಬಂತೆಂದೇ ನಂಬಿ ಲಕ್ಕವ್ವ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು.