ಸೊಂಟಕ್ಕಿಂತ ನಾಲ್ಕು ಬೆರಳು ಕೆಳಗೆ

ಫಿಜಿಯೋಥೆರಪಿ ಕೋಣೆಯ ಹೊರಗೆ, ನನ್ನ ಎದುರಿನ ಬೆಂಚಿನಲ್ಲಿ ಒಬ್ಬ ಬಸ್ ಕಂಡಕ್ಟರಮ್ಮ ಮತ್ತು ಅವಳ ಅತ್ತೆ ಕೂತಿದ್ದರು. ಅತ್ತೆ ಟೈಲರ್ ಇರಬೇಕು, ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು.

"ಅತ್ತೆ, ಒಳಗೆ ಹೋದ್ಮೇಲೆ ಏನೂ ಹೇಳ್ಬೇಡಿ."

"ಏನು, ನೀನು ತಿಂಗಳಿಂದ ಬೆನ್ನುನೋವಿನ ಬೆಲ್ಟನ್ನ ಹೊಟ್ಟೆಗೆ ಕಟ್ಕೊಂಡಿದ್ದೆ ಅಂತಾನಾ?"

"ಹತ್ತು ವರ್ಷದಿಂದ ಯೂನಿಫಾರ್ಮ್ ಬೆಲ್ಟ್ ಕಟ್ಟಿ ಕಟ್ಟಿ ಕೈ ಅಲ್ಲಿಗೇ ಹೋಗುತ್ತೆ."

"ನಿನ್ನ ನೋವಿರೋದು ಬೆನ್ನು ಮುಗಿಯೋ ಕಡೆ ಇರೋ ಕೀಲಲ್ಲಿ. ಬೆಲ್ಟು ಸೊಂಟಕ್ಕಿಂತ ನಾಲ್ಕು ಬೆರಳು ಕೆಳಗೆ, ಪ್ಯಾಂಟಿಗೆ ಸೀಟ್ ಅಳತೆ ಅಂತ ಹಿಂಭಾಗದ ಸುತ್ತಳತೆ ತಗೊಳ್ತೀವಲ್ಲ, ಅದಕ್ಕಿಂತ ಸ್ವಲ್ಪ ಮೇಲೆ ಕೂರ್ಬೇಕು."

"ಬೆಳಿಗ್ಗೆ ನೀವು ಇಳಿಸಿ ಕಟ್ಟಿದ್ಮೇಲೆ ಗೊತ್ತಾಯ್ತು. ನಿಮ್ಮ ಕಣ್ಣೇ ಕಣ್ಣು."

"ನನ್ನ ಕಣ್ಣು ಹಾಗಿರ್ಲಿ. ಆ ನೋವಲ್ಲೂ ದಿನಾ ನಿಂತ್ಕೊಂಡೇ ಟಿಕೆಟ್ ಹರಿದ್ಯಲ್ಲ ಮಹಾತಾಯಿ! ನಾನಾಗಿದ್ರೆ ಎಂದೋ ಕೈಚೆಲ್ತಿದ್ದೆ."

"ನಾನೂ ಕೈಚೆಲ್ಲಿದ್ದೆ ಅತ್ತೆ. ಬಸ್ ಬೇಡ, ಆಫೀಸಿಗೆ ಹಾಕಿ ಅಂತ ಅರ್ಜಿ ಬರೆದಿಟ್ಟಿದೀನಿ."

"ಬಸ್ಸಂದ್ರೆ ಪ್ರಾಣ ಬಿಡೋಳು ನೀನು! ಕೊಟ್ಟಾಯ್ತಾ?"

"ಇಲ್ಲ. ಬ್ಯಾಗಲ್ಲೇ ಇದೆ."

ಅಷ್ಟರಲ್ಲಿ ಒಳಗಿನಿಂದ ಕರೆದರು. ಸೊಸೆ ಎದ್ದವಳು, ಎರಡು ಹೆಜ್ಜೆ ಹಾಕಿ ಗಕ್ಕನೆ ನಿಂತಳು.

"ಅತ್ತೆ, ಇವತ್ತು ಏಳೋವಾಗ ಗೋಡೆ ಹಿಡ್ಕೊಳ್ಳಲೇ ಇಲ್ಲ ನಾನು!"

"ನೋಡ್ದೆ. ಆ ಅರ್ಜಿ ಇಲ್ಲಿ ಕೊಡು."

"ಯಾಕೆ?"

"ಹಿಂದುಗಡೆ ಖಾಲಿ ಇರುತ್ತಲ್ಲ, ಗಿರಾಕಿಗಳ ಅಳತೆ ಬರ್ಕೊಳ್ಳೋಕಾಗುತ್ತೆ."

ಕಾಗದವನ್ನು ನಾಲ್ಕಾಗಿ ಮಡಚಿ ಕೈಚೀಲಕ್ಕೆ ಹಾಕಿಕೊಂಡು, ಅತ್ತೆ ಸೊಸೆಯ ಹಿಂದೆಯೇ ಒಳಗೆ ಹೋದರು.