ಒಬ್ಬನಿಗೆಂದು ಕಳುಹಿಸಿದ ಚಿತ್ರಗಳು

ಹೆಸರು ಮಹಾದೇವಿ, ತಂದೆ ದಿವಂಗತ ಮುದಕಪ್ಪ, ವಯಸ್ಸು 25, ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್, ವಾಸ ಅಶ್ವತ್ಥಮ್ಮನವರ ಬಾಡಿಗೆ ಮನೆ, ಮಾಕಳಿ. ಸ್ವಂತ ಊರು ಕುಷ್ಟಗಿ ತಾಲ್ಲೂಕು. ಠಾಣೆಗೆ ಖುದ್ದಾಗಿ ಬಂದು ಈ ಮೂಲಕ ತಿಳಿಸುವುದೇನೆಂದರೆ,

ಕಳೆದ ವರ್ಷ ನಮ್ಮೂರಿನ ಬಸಲಿಂಗ ಎಂಬುವವರೊಂದಿಗೆ ನನ್ನ ನಿಶ್ಚಿತಾರ್ಥವಾಗಿತ್ತು. ಅವರು ಪದೇಪದೇ ಕೇಳಿದ್ದರಿಂದ, ಮದುವೆಯಾಗುವವರೆಂಬ ನಂಬಿಕೆಯಿಂದ ನನ್ನ ಖಾಸಗಿ ಚಿತ್ರಗಳನ್ನು ಮೊಬೈಲಿನಲ್ಲಿ ಕಳುಹಿಸಿದ್ದೆ. ಮದುವೆಯ ನಂತರ ಕೆಲಸ ಬಿಡಬೇಕೆಂದು ಅವರು ಹಠ ಹಿಡಿದಾಗ ಈ ಮಾರ್ಚ್ ತಿಂಗಳಲ್ಲಿ ನಾನೇ ಸಂಬಂಧ ಬೇಡವೆಂದೆ. ಚಿತ್ರಗಳನ್ನು ಅಳಿಸಿದ್ದಾಗಿ ಅವರು ಹೇಳಿದರು. ನಂಬಿದೆ.

ದಿನಾಂಕ 09-06-2025ರಂದು ಊಟದ ವೇಳೆ ಜೊತೆಗೆ ಕೆಲಸ ಮಾಡುವ ವೇಣಿ ನನ್ನನ್ನು ಬಟ್ಟೆ ಗಂಟುಗಳ ಹಿಂದಕ್ಕೆ ಕರೆದು ತನ್ನ ಮೊಬೈಲ್ ತೋರಿಸಿದಳು. ಸಾಮಾಜಿಕ ಜಾಲತಾಣವೊಂದರಲ್ಲಿ ನನ್ನ ಹೆಸರಿನಲ್ಲಿ ತೆರೆದ ನಕಲಿ ಖಾತೆಯಲ್ಲಿ ಆ ಚಿತ್ರಗಳಿದ್ದವು. ಕೆಳಗೆ ಕಾರ್ಖಾನೆಯ ಹೆಸರಿತ್ತು. ನಮ್ಮ ಸಾಲಿನಲ್ಲೇ ಕೂರುವ ಇಬ್ಬರು ಲೈಕ್ ಒತ್ತಿದ್ದರು.

ಬಸಲಿಂಗ ಅವರಿಗೆ ಕರೆ ಮಾಡಿ ತೆಗೆಯುವಂತೆ ಬೇಡಿಕೊಂಡೆ. ಅವರು, "ನೀನ ಕಳಿಸಿದ್ದಲ್ಲೇನ?" ಎಂದು ಕರೆ ಕತ್ತರಿಸಿದರು.

ತಪ್ಪು ನನ್ನದೇ ಎನಿಸಿ ಅವರ ಸಂದೇಶಗಳನ್ನು ಅರ್ಧದಷ್ಟು ಅಳಿಸಿದೆ. ಅಂದೇ ಸಂಜೆ ಮನೆಗೆ ಬಂದು ಊರಿಗೆ ಹೋಗಲು ಬಟ್ಟೆ ತುಂಬುತ್ತಿರುವಾಗ ಅಶ್ವತ್ಥಮ್ಮನವರು ಬಂದು ವಿಚಾರಿಸಿದರು. ನಡೆದದ್ದನ್ನು ಹೇಳಿ, ಚಿತ್ರ ಕಳುಹಿಸಿದ್ದು ನಾನೇ ಎಂದೂ ಹೇಳಿದೆ. ಅವರು, "ಅವನಿಗೆ ಕಳ್ಸಿದ್ದು ಕಣವ್ವ, ಊರಿಗಲ್ಲ. ನಡಿ ಸ್ಟೇಷನ್‌ಗೆ" ಎಂದು, ಉಟ್ಟ ಸೀರೆಯಲ್ಲೇ ನನ್ನೊಂದಿಗೆ ಆಟೋ ಹತ್ತಿದರು.

ಠಾಣೆಯಲ್ಲಿ ಮಹಿಳಾ ಕಾನ್‌ಸ್ಟೇಬಲ್ ಮಾಲಾ ಅವರು ಇನ್ನು ಏನನ್ನೂ ಅಳಿಸಬಾರದೆಂದು ತಿಳಿಸಿ, ಖಾತೆಯ ಲಿಂಕ್ ಬರೆದುಕೊಂಡು, ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಲು ನೆರವಾದರು. ಆ ಜಾಲತಾಣಕ್ಕೂ ವರದಿ ಮಾಡಿಸಿದರು. ಚಿತ್ರಗಳನ್ನು ನೋಡುವಾಗ ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಮರುದಿನ ಸಂಜೆ ನೋಡಿದಾಗ ಆ ಖಾತೆ ಇರಲಿಲ್ಲ. ಆದರೆ ಒಂದು ಚಿತ್ರ ನಮ್ಮ ತಾಲ್ಲೂಕಿನ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಇನ್ನೂ ಹರಿದಾಡುತ್ತಿದೆಯೆಂದು ಇಂದು ತಿಳಿದುಬಂದಿದೆ.

ಆದ್ದರಿಂದ ಅದನ್ನೂ ತೆಗೆಸಿ, ಬಸಲಿಂಗ ಅವರ ಮೇಲೆ ಕಾನೂನು ಕ್ರಮ ಜರುಗಿಸಬೇಕೆಂದು ಕೋರುತ್ತೇನೆ. ನನಗೆ ಬರುವ ನೋಟಿಸನ್ನು ದಯವಿಟ್ಟು ಮಾಕಳಿಗೇ ಕಳುಹಿಸಬೇಕು. ಊರಿನಲ್ಲಿ ನಮ್ಮವ್ವ ಹನುಮವ್ವನಿಗೆ ಓದಲು ಬಾರದು; ಕಾಗದ ಬಂದರೆ ದಾರಿಯಲ್ಲಿ ಹೋಗುವವರನ್ನು ಕರೆದು ಓದಿಸುತ್ತಾಳೆ. ಅವಳಿಗೆ ನಾನೇ ಹೇಳಬೇಕೆಂದಿದ್ದೇನೆ. ಇನ್ನೂ ಹೇಳಿಲ್ಲ.

ಬರೆದದ್ದನ್ನು ನನಗೆ ಓದಿ ಹೇಳಲಾಯಿತು. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಬೆಂಗಳೂರು
ದಿನಾಂಕ: 12-06-2025
ಸಹಿ: ಮಹಾದೇವಿ