ಎಪ್ಪತ್ತೊಂದಕ್ಕೆ ಮುಗಿಯುವ ನಂಬರು

ಬನಹಟ್ಟಿ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಗುರಪ್ಪ ಜಮಖಂಡಿ ಬಸ್ಸಿಗೆ ಕಾಯುತ್ತ ಕೂತಿದ್ದ. ನೂಲಿನ ಗಿರಣಿಯಲ್ಲಿ ಕ್ಲಾರ್ಕ್ ಆಗಿದ್ದು ನಿವೃತ್ತನಾದವನು. ಅವನ ಬೆನ್ನಹಿಂದಿನ ಬೆಂಚಿನಲ್ಲಿ ತಾಯಿ ಮಗಳ ಮಾತು ನಡೆದಿತ್ತು.

“ಬ್ಯಾಂಕಿನ ಖಾತೆ ಎರಡೂ ಆಪಿನ್ಯಾಗ ಬಂದ್ವು ನೋಡಬೇ. ನಿನ್ನ ಗಿರಣಿ ಪಿಎಫ್ ಒಂದ ಬರವಲ್ದು.”

“ಇನ್ನೊಮ್ಮೆ ಒತ್ತಿ ನೋಡವಾ.”

ಗುರಪ್ಪನ ಕಿಸೆಯಲ್ಲಿ ಫೋನು ಗುಂಯ್‌ಗುಟ್ಟಿತು. ಪಿಎಫ್, ಓಟಿಪಿ ಅಂತ ಇಂಥ ಮೆಸೇಜುಗಳು ವರ್ಷಗಟ್ಟಲೆ ಬರುತ್ತಲೇ ಇದ್ದವು. ಮೋಸಗಾರರ ಕಾಟ ಅಂತ ಅವನ್ನು ಅಳಿಸುವುದು ಅವನಿಗೆ ರೂಢಿ. ಇದನ್ನೂ ಅಳಿಸಿದ.

“ಓಟಿಪಿ ಬ್ಯಾರೆ ನಂಬರಿಗೆ ಹೋಗಾಕತ್ತೈತಿ. ಕಡೀಕ ಎಪ್ಪತ್ತೊಂದು ಐತಿ. ಯಾರದಬೇ ಇದು?”

“ಗಿರಣಿ ಕ್ಲಾರ್ಕ್ ಸಾಹೇಬರದು ಇರಬೇಕು. ಆವಾಗ ನಮ್ಮ ಕಡೆ ಫೋನ್ ಎಲ್ಲಿದ್ವು? ಎಲ್ಲಾರ ಫಾರ್ಮಿನ್ಯಾಗೂ ತಮ್ಮ ನಂಬರ ಬರದ್ರು.”

“ಎಂಥಾ ಕೆಲಸ ಮಾಡ್ಯಾನಬೇ ಆತ!”

“ಹಂಗ ಅನಬ್ಯಾಡ. ಏನರ ಬಂದ್ರ ಮನೀಗೆ ಬಂದು ಹೇಳತೇನಿ ಅಂದಿದ್ರು. ಛಲೋ ಮನಶ್ಯಾ. ಬಂದಿದ್ರ ಹೇಳದ ಇರತಿದ್ದಿಲ್ಲ.”

“ತಡಿ, ಮತ್ತೊಮ್ಮೆ ನೋಡತೇನಿ.”

ಫೋನು ಮತ್ತೆ ಗುಂಯ್‌ಗುಟ್ಟಿತು. ಈ ಸಲ ಗುರಪ್ಪ ಓದಿದ. ಆರು ಅಂಕಿ. ಕೆಳಗೆ, ಇದನ್ನು ಯಾರಿಗೂ ಹೇಳಬೇಡಿ ಅಂತ ಇತ್ತು.

“ಜಮಖಂಡಿ ಬಸ್ ಬಂತು, ಏಳವಾ. ಸಾಹೇಬರ ಮನಿ ಹುಡುಕಿದರಾತು.”

ಇಬ್ಬರೂ ಹತ್ತಿಕೊಂಡರು. ಗುರಪ್ಪನಿಗೂ ಅದೇ ಬಸ್ಸು. ಅಂಗೈಯಲ್ಲಿ ಫೋನು ಹಿಡಿದುಕೊಂಡು ಅವನು ಕೂತೇ ಇದ್ದ.